ಒಡೆದ ರೈಫಲ್ ಸ್ಟಾಕ್‌ಗೆ ಕೈಗೆಟಕುವ ಬದಲಿ ಯಾವುದು? ದುರಸ್ತಿ, ಕಟ್ಟಿಗೆ ಮತ್ತು ಪ್ಲಾಸ್ಟಿಕ್‌ಗಳ ಹೋಲಿಕೆ

ಕಲಘಟಗಿ, ಹಾನಗಲ್ಲ, ಶಿಗ್ಗಾವಿ ಕಡೆಯ ಗೋವಿನಜೋಳದ ಹೊಲಗಳಲ್ಲಿ ತೆನೆ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಗಳ ಕಾಟ ಶುರುವಾಗುತ್ತದೆ. ಆ ಭಾಗದ ಅನೇಕ ಒಕ್ಕಲುತನದ ಮನೆಗಳಲ್ಲಿ ಬೆಳೆ ಕಾವಲಿಗೆಂದು ಹಿರಿಯರು ಪರವಾನಗಿ ಪಡೆದು ಕೊಂಡ ಬಂದೂಕುಗಳು ಇಂದಿಗೂ ಇವೆ. ಅವುಗಳಲ್ಲಿ ಹೆಚ್ಚಿನವು ಹನ್ನೆರಡು ಬೋರಿನ ಒಂಟಿ ನಳಿಗೆ ಅಥವಾ ಜೋಡುನಳಿಗೆಯ ಬಂದೂಕುಗಳು, ಕೆಲವು ಪಶ್ಚಿಮ ಬಂಗಾಳದ ಈಶಾಪುರ ಕಾರ್ಖಾನೆಯ .315 ಬೋರಿನ ರೈಫಲ್‌ಗಳು. ಇಂಥ ಬಂದೂಕಿನಲ್ಲಿ ಕಬ್ಬಿಣ ಎರಡು ತಲೆಮಾರು ಕಳೆದರೂ ಗಟ್ಟಿಯಾಗಿರುತ್ತದೆ, ಕೆಡುವುದು ಕಟ್ಟಿಗೆ. ಹೆಗಲಿಗೆ ಆನಿಸುವ ಹಿಂಭಾಗವನ್ನು ಬಟ್ ಎಂದೂ, ನಳಿಗೆಯ ಕೆಳಗಿರುವ ಭಾಗವನ್ನು ಮುಂದಿನ ಕಟ್ಟಿಗೆ ಎಂದೂ, ಎರಡನ್ನೂ ಸೇರಿಸಿ ಸ್ಟಾಕ್ ಎಂದೂ ಇಲ್ಲಿ ಕರೆಯುತ್ತೇನೆ. ಸ್ಟಾಕ್ ಒಡೆದಾಗ ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು, ಯಾವುದು ನಿಜವಾಗಿ ಅಗ್ಗ, ಯಾವುದು ಅಗ್ಗವೆಂದು ತೋರಿ ಎರಡನೆಯ ಸಲ ದುಡ್ಡು ಕೀಳುತ್ತದೆ ಎಂಬುದನ್ನು ನನ್ನ ಅನುಭವಕ್ಕೆ ಬಂದಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಕಾನೂನಿನ ಮಾತು, ಏಕೆಂದರೆ ಆಯ್ಕೆಯ ಅರ್ಧ ಭಾಗ ಅಲ್ಲಿಯೇ ತೀರ್ಮಾನವಾಗುತ್ತದೆ. ಈ ರೈಫಲ್‌ಗಳನ್ನು ಜನ ಬೇಟೆಯ ರೈಫಲ್ ಎಂದೇ ಕರೆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧ. ಹೊಲಕ್ಕೆ ನುಗ್ಗಿದ ಹಂದಿಯ ಮೇಲೆ ಗುಂಡು ಹಾರಿಸಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ರಾಣೆಬೆನ್ನೂರಿನ ಅಭಯಾರಣ್ಯದ ಸುತ್ತಲಿನ ಹೊಲಗಳಿಗೆ ಬರುವ ಕೃಷ್ಣಮೃಗವಂತೂ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಸ್ಟಾಕ್‌ನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ 5ನೆಯ ಕಲಮಿನಂತೆ ಬಂದೂಕಿನ ತಯಾರಿಕೆ ಮತ್ತು ಮಾರಾಟಕ್ಕಷ್ಟೇ ಅಲ್ಲ, ದುರಸ್ತಿಗೂ ಪರವಾನಗಿ ಇರಲೇಬೇಕು. ಶಸ್ತ್ರ ಎಂಬ ಪದದ ವ್ಯಾಖ್ಯೆಯೊಳಗೆ ಶಸ್ತ್ರದ ಬಿಡಿಭಾಗಗಳೂ ಬರುತ್ತವೆ. ಆದ್ದರಿಂದ ಊರಿನ ಬಡಿಗೇರರು ಎಷ್ಟೇ ನುರಿತವರಾಗಿದ್ದರೂ ಅವರ ಅಂಗಡಿಯಲ್ಲಿ ರೈಫಲ್ ಬಿಟ್ಟುಬರುವುದು ಅವರಿಗೂ ನಿಮಗೂ ಅಪಾಯದ ಕೆಲಸ. ದುರಸ್ತಿಯ ಪರವಾನಗಿ ಇರುವ ಬಂದೂಕಿನ ಅಂಗಡಿಗೆ ನಿಮ್ಮ ಪರವಾನಗಿ ಪುಸ್ತಕದೊಂದಿಗೆ ಹೋಗಿ, ರೈಫಲ್ಲಿನ ನಂಬರು ಬರೆಸಿದ ರಸೀದಿ ಪಡೆದು ಒಪ್ಪಿಸುವುದೇ ಸರಿಯಾದ ದಾರಿ. ಪರವಾನಗಿ ಕೊಟ್ಟ ಕಚೇರಿಗೆ ಒಂದು ಸಾಲಿನ ಅರ್ಜಿ ಬರೆದು, ಸ್ವೀಕರಿಸಿದ ಮೊಹರು ಹಾಕಿಸಿಕೊಂಡಿದ್ದರೆ ಮುಂದೆ ತಪಾಸಣೆಯ ಹೊತ್ತಿಗೆ ಯಾವ ಪ್ರಶ್ನೆಯೂ ಏಳುವುದಿಲ್ಲ.

ನನ್ನ ತಂದೆಯವರ .315 ರೈಫಲ್ಲಿನ ಬಟ್ ಒಡೆದದ್ದು ಯಾವ ಪೆಟ್ಟಿನಿಂದಲೂ ಅಲ್ಲ. ಪ್ರತಿ ಮಳೆಗಾಲದ ಮುಂಚೆ ಧಾರಾಳವಾಗಿ ಎಣ್ಣೆ ಹಾಕಿ, ನಳಿಗೆ ಮೇಲಾಗಿ, ಬಟ್ ಕೆಳಗಾಗಿ ಮೂಲೆಯಲ್ಲಿ ನಿಲ್ಲಿಸುವುದು ನಮ್ಮ ಮನೆಯ ರೂಢಿಯಾಗಿತ್ತು. ಕಬ್ಬಿಣದಿಂದ ಇಳಿದ ಎಣ್ಣೆ ವರ್ಷಗಟ್ಟಲೆ ಕಟ್ಟಿಗೆಯ ಕುತ್ತಿಗೆಯೊಳಗೆ, ಅಂದರೆ ಟ್ರಿಗರ್‌ನ ಹಿಂದೆ ಕೈಯಿಂದ ಹಿಡಿಯುವ ತೆಳುಭಾಗದೊಳಗೆ ಸೇರಿ, ಆ ಭಾಗ ಕಪ್ಪಾಗಿ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಾಗಿತ್ತು. ಚುನಾವಣೆಯ ನೀತಿಸಂಹಿತೆ ಮುಗಿದು, ಒಪ್ಪಿಸಿದ್ದ ರೈಫಲ್ ಮರಳಿ ಬಂದ ದಿನ ಒರೆಸುತ್ತ ಕುಳಿತಿದ್ದಾಗ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡಿತು. ಕೈಯಿಂದ ತುಸು ತಿರುಚಿದಾಗ ಅದು ಬಾಯಿ ತೆರೆದು ಮುಚ್ಚಿಕೊಂಡಿತು. ಅಂದಿನಿಂದ ಹೊಸ ಬಟ್ ಕೂರುವ ತನಕ ಕಳೆದ ಒಂಬತ್ತು ತಿಂಗಳಲ್ಲಿ ನಾನು ಕಲಿತದ್ದೇ ಈ ಹೋಲಿಕೆಗೆ ಆಧಾರ.

ಮೊದಲ ಪ್ರಶ್ನೆ: ಬದಲಿ ಬೇಕೇ, ದುರಸ್ತಿ ಸಾಕೇ?

ಎಲ್ಲಕ್ಕಿಂತ ಅಗ್ಗದ ಸ್ಟಾಕ್ ಎಂದರೆ ನಿಮ್ಮ ಬಳಿ ಈಗಾಗಲೇ ಇರುವುದು. ಬಿರುಕು ಹೊಸದಾಗಿದ್ದು, ಕಟ್ಟಿಗೆ ಒಣಗಿದ್ದು, ಒಡೆದ ಎರಡೂ ಮೈಗಳು ಒಂದಕ್ಕೊಂದು ಬಿಗಿಯಾಗಿ ಕೂಡುವಂತಿದ್ದರೆ ದುರಸ್ತಿ ಮಾಡಿಸುವುದೇ ಲೇಸು. ಇದಕ್ಕೆ ಎರಡು ಟ್ಯೂಬುಗಳಲ್ಲಿ ಬರುವ, ಸಾವಕಾಶವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟು ಬೇಕು. ಐದು ನಿಮಿಷದಲ್ಲಿ ಹಿಡಿಯುವ ಬಗೆಯದು ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಕೊಡುವ ಒದೆತ ತಾಳುವಷ್ಟು ಗಟ್ಟಿಯಲ್ಲ. ಬಡಿಗತನದಲ್ಲಿ ದಿನವೂ ಬಳಸುವ ಬಿಳಿ ಅಂಟು ಮೇಜು ಕುರ್ಚಿಗೆ ಒಳ್ಳೆಯದೇ. ಆದರೆ ಸತತ ಒತ್ತಡದಲ್ಲಿ ಅದು ನಿಧಾನವಾಗಿ ಜಾರುತ್ತದೆ, ತೇವಕ್ಕೆ ಮೆತ್ತಗಾಗುತ್ತದೆ. ಅಂಟಿನ ಜೊತೆಗೆ ಬಿರುಕಿಗೆ ಅಡ್ಡವಾಗಿ ಹಿತ್ತಾಳೆಯ ಸಣ್ಣ ಕಡ್ಡಿಯೊಂದನ್ನು ಹಾಯಿಸಿದರೆ ಕುತ್ತಿಗೆ ಮತ್ತೆ ಬಹುಕಾಲ ಬಾಳುತ್ತದೆ. ಕಟ್ಟಿಗೆಗೆ ಅಡ್ಡ ಬಲ ಕೊಡುವ ಈ ಉಪಾಯ ಹೊಸದಲ್ಲ. ಈಶಾಪುರದಲ್ಲಿ ಮಾಡಿದ ಹಳೆಯ ಸೈನಿಕ ರೈಫಲ್‌ಗಳ ಮುಂದಿನ ಕಟ್ಟಿಗೆಯಲ್ಲಿ ಅದು ಸೀಳದಿರಲೆಂದು ಕಾರ್ಖಾನೆಯವರೇ ಅಡ್ಡ ಸ್ಕ್ರೂ ಹಾಕಿರುವುದನ್ನು ಕಾಣಬಹುದು.

ಎಣ್ಣೆ ಕುಡಿದ ಕಟ್ಟಿಗೆಯಲ್ಲಿ ಮಾತ್ರ ಈ ದುರಸ್ತಿ ನಿಲ್ಲುವುದಿಲ್ಲ, ಏಕೆಂದರೆ ಅಂಟು ಕಟ್ಟಿಗೆಯನ್ನು ಹಿಡಿಯದೆ ಎಣ್ಣೆಯ ಮೇಲೆಯೇ ಕೂರುತ್ತದೆ. ಬಿರುಕಿನ ಒಳಮೈಗೆ ಬಿಳಿ ಕಾಗದದ ತುಣುಕನ್ನು ಒತ್ತಿ ಬಿಸಿಲಿನಲ್ಲಿ ಒಂದು ಗಂಟೆ ಇಡಿ. ಕಾಗದಕ್ಕೆ ಜಿಡ್ಡಿನ ಕಲೆ ಬಂದರೆ ಹೊಸ ಬಟ್‌ನ ಲೆಕ್ಕ ಹಾಕುವುದೇ ಒಳಿತು. ನಮ್ಮ ರೈಫಲ್ಲಿನ ಕಾಗದ ಕಂದು ಬಣ್ಣಕ್ಕೆ ತಿರುಗಿತ್ತು.

ಕಟ್ಟಿಗೆಯ ಬೆಲೆ ಎಷ್ಟು ಮುಖ್ಯ?

ಹೊಸ ಸ್ಟಾಕ್ ಎಂದಕೂಡಲೇ ಎಲ್ಲರೂ ಮೊದಲು ಕೇಳುವುದು ಯಾವ ಕಟ್ಟಿಗೆ ಎಂದು. ಈ ಪ್ರಶ್ನೆ ಸಹಜವಾದರೂ ಖರ್ಚಿನ ದೃಷ್ಟಿಯಿಂದ ಅದಕ್ಕೆ ನಾವು ಕೊಡುವಷ್ಟು ತೂಕವಿಲ್ಲ. ಲೆಕ್ಕ ಮಾಡಿ ನೋಡಿ: ಒಂದು ಬಟ್‌ಗೆ ಬೇಕಾಗುವ ತುಂಡು 18 ಇಂಚು ಉದ್ದ, 7 ಇಂಚು ಅಗಲ, ಎರಡೂಕಾಲು ಇಂಚು ದಪ್ಪ. ಗುಣಿಸಿದರೆ ಸುಮಾರು 284 ಘನ ಇಂಚು. ಒಂದು ಘನ ಅಡಿಯಲ್ಲಿ 1728 ಘನ ಇಂಚುಗಳಿರುವುದರಿಂದ ಒಂದು ಬಟ್‌ಗೆ ಹಿಡಿಯುವುದು ಘನ ಅಡಿಯ ಆರನೆಯ ಒಂದು ಭಾಗ ಮಾತ್ರ. ನಳಿಗೆಯ ಕೆಳಗಿನ ತನಕ ಒಂದೇ ತುಂಡಾಗಿರುವ ಸ್ಟಾಕ್ ಬೇಕಾದರೂ 34 ಇಂಚಿನ ತುಂಡು ಸಾಕು, ಅದು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ನಿಮ್ಮ ಊರಿನ ಸಾ ಮಿಲ್ಲಿನಲ್ಲಿ ಘನ ಅಡಿಗೆ ಹೇಳುವ ದರವನ್ನು ಆರರಿಂದ ಭಾಗಿಸಿ ನೋಡಿದರೆ, ಅತ್ಯಂತ ದುಬಾರಿ ಮತ್ತು ಅತ್ಯಂತ ಅಗ್ಗದ ಕಟ್ಟಿಗೆಗಳ ನಡುವಿನ ಅಂತರ ಕುಶಲಿಗನ ಕೂಲಿಯ ಮುಂದೆ ದೊಡ್ಡದಲ್ಲವೆಂದು ತಿಳಿಯುತ್ತದೆ. ಖರ್ಚಿನ ಬಹುಪಾಲು ಹೋಗುವುದು ಕಬ್ಬಿಣ ಕೂರುವ ಗುಣಿಯನ್ನು ಕೊರೆಯುವ ಕೆಲಸಕ್ಕೆ. ಅಲ್ಲಿ ಉಳಿಸಹೋದವರು ಎರಡು ಸಲ ಕೊಡುತ್ತಾರೆ.

ನಾನೂ ಹಾಗೆಯೇ ಕೊಟ್ಟೆ. ಮೊದಲು ಸಿಕ್ಕ ಅಂಗಡಿಯೊಂದರಲ್ಲಿ ಅಗ್ಗವಾಗಿ ಹಾಕಿಕೊಟ್ಟ ಬಟ್ ನೋಡಲು ಸುಂದರವಾಗಿತ್ತು, ಪಾಲಿಶ್ ಕನ್ನಡಿಯಂತಿತ್ತು. ಆದರೆ ಬಟ್‌ನ ಮುಂದಿನ ತುದಿ ಕೂರುವ ಕಬ್ಬಿಣದ ಕೊಳವಿಯೊಳಗೆ ಅದು ಒಂದೇ ಬದಿಗೆ ಆತುಕೊಂಡಿತ್ತು, ಉಳಿದ ಸಂದಿಗೆ ಕಟ್ಟಿಗೆಯ ಪುಡಿ ಕಲಸಿದ ಮೇಣ ತುಂಬಿದ್ದರು. ಮೂರನೆಯ ಗುಂಡಿಗೆ ಅದು ಸೀಳಿತು.

ಎರಡನೆಯ ಸಲ ಹಿರಿಯ ಕುಶಲಿಗರೊಬ್ಬರು ಕೆಲಸ ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡುವ ಅವಕಾಶ ಸಿಕ್ಕಿತು. ಅವರು ಚಿಮಣಿಯ ಮಸಿಯನ್ನು ಒಂದು ಹನಿ ಎಣ್ಣೆಯಲ್ಲಿ ಕಲಸಿ, ಕಣ್ಣಿಗೆ ಕಾಡಿಗೆ ತೀಡುವಷ್ಟು ತೆಳ್ಳಗೆ ಕಬ್ಬಿಣದ ಮೈಗೆ ಹಚ್ಚಿ, ಕಟ್ಟಿಗೆಯೊಳಗೆ ಒಮ್ಮೆ ಒತ್ತಿ ತೆಗೆಯುತ್ತಿದ್ದರು. ಕಟ್ಟಿಗೆಯಲ್ಲಿ ಎಲ್ಲಿ ಕಪ್ಪು ಚುಕ್ಕೆ ಬಿತ್ತೋ ಅಲ್ಲಿ ಮಾತ್ರ ಉಳಿಯಿಂದ ಒಂದು ಪದರ ಕೆತ್ತಿ, ಮತ್ತೆ ಮಸಿ ಹಚ್ಚಿ, ಮತ್ತೆ ಒತ್ತುತ್ತಿದ್ದರು. ಬೆಳಿಗ್ಗೆ ನಾಲ್ಕೈದು ಚುಕ್ಕೆಗಳಿದ್ದ ಗುಣಿ ಸಂಜೆಯ ಹೊತ್ತಿಗೆ ಒಂದೇ ಸಮನೆ ಬೂದುಬಣ್ಣಕ್ಕೆ ತಿರುಗಿತ್ತು. ಎಲ್ಲ ಕಡೆಯೂ ಸಮನಾಗಿ ತಾಗುತ್ತಿದೆ ಎಂಬುದಕ್ಕೆ ಅದೇ ಗುರುತು. ಅಂಗಡಿ ಆರಿಸುವಾಗ ಕೇಳಬೇಕಾದ ಮೊದಲ ಮಾತು ಇದು: ಗುಣಿಯನ್ನು ಮಸಿ ಹಚ್ಚಿ ಕೂರಿಸುತ್ತೀರೋ, ಅಳತೆ ನೋಡಿ ಕೊರೆಯುತ್ತೀರೋ? ಅಳತೆ ನೋಡಿ ಕೊರೆಯುವವರಾದರೆ ಕಬ್ಬಿಣ ಮತ್ತು ಕಟ್ಟಿಗೆಯ ನಡುವೆ ಎಪಾಕ್ಸಿಯ ತೆಳು ಪದರ ಹಾಕಿ ಸಮ ಮಾಡಿಕೊಡುವರೇ ಎಂದು ಕೇಳಿ. ಬೆಡ್ಡಿಂಗ್ ಎಂದು ಕರೆಯುವ ಈ ಕೆಲಸ ಸಾಧಾರಣ ಕೊರೆತವನ್ನೂ ನೆಚ್ಚಬಹುದಾದ ಮಟ್ಟಕ್ಕೆ ತರುತ್ತದೆ. ಕಬ್ಬಿಣಕ್ಕೆ ಮೊದಲು ಮೇಣ ಸವರಿರಬೇಕು, ಇಲ್ಲವಾದರೆ ಎರಡೂ ಬಿಡಿಸಲಾಗದಂತೆ ಅಂಟಿಕೊಳ್ಳುತ್ತವೆ. ಜೋಡುನಳಿಗೆಯಂಥ ಬಂದೂಕುಗಳಲ್ಲಿ ಕಬ್ಬಿಣದ ಬಾಲ ಕಟ್ಟಿಗೆಯೊಳಗೆ ಮುಗಿಯುವ ತುದಿಯಲ್ಲಿ ಕಾಗದದಷ್ಟು ಸಂದಿ ಬಿಟ್ಟಿರುವುದೂ ಅಗತ್ಯ. ಆ ತುದಿ ಕಟ್ಟಿಗೆಗೆ ತಾಗಿಕೊಂಡಿದ್ದರೆ ಪ್ರತಿ ಒದೆತಕ್ಕೂ ಬೆಣೆಯಂತೆ ನುಗ್ಗಿ ಕುತ್ತಿಗೆಯನ್ನು ಸೀಳುತ್ತದೆ.

ಕಟ್ಟಿಗೆಗಳ ನಡುವೆ

ಬಂದೂಕಿಗೆ ಹೇಳಿಮಾಡಿಸಿದ ಕಟ್ಟಿಗೆ ಅಕ್ರೋಟು ಎಂಬುದರಲ್ಲಿ ಸಂಶಯವಿಲ್ಲ. ಹಗುರ, ಹದವಾದ ಗಟ್ಟಿತನ, ಉಳಿಗೆ ಬೆಣ್ಣೆಯಂತೆ ಒಗ್ಗುವ ಗುಣ, ಒಣಗಿದ ಮೇಲೆ ಹೆಚ್ಚು ಅಲುಗಾಡದ ಸ್ವಭಾವ ಇವೆಲ್ಲ ಒಂದೇ ಕಡೆ ಕೂಡಿಬಂದಿರುವುದರಿಂದಲೇ ಜಗತ್ತಿನ ಬಂದೂಕು ತಯಾರಕರು ಅದನ್ನು ನೂರಾರು ವರ್ಷಗಳಿಂದ ಬಳಸುತ್ತಿದ್ದಾರೆ. ಆದರೆ ಅದು ಕಾಶ್ಮೀರ ಮತ್ತು ಹಿಮಾಲಯದ ಮರ. ಹುಬ್ಬಳ್ಳಿಯ ಸಾ ಮಿಲ್ಲಿನಲ್ಲಿ ಬೇಕೆಂದಾಗ ಸಿಗುವಂಥದ್ದಲ್ಲ. ಬಂದೂಕಿನ ಅಂಗಡಿಯವರ ಬಳಿ ಒಣಗಿದ ತುಂಡು ಇದ್ದರೆ, ಬಿಲ್ಲು ಕೊಟ್ಟರೆ, ತುಸು ಹೆಚ್ಚು ಕೊಟ್ಟಾದರೂ ಕೊಳ್ಳಬಹುದು. ಅದಕ್ಕಾಗಿ ತಿಂಗಳುಗಟ್ಟಲೆ ಕಾಯುವ ಅಗತ್ಯ ನನಗೆ ಕಾಣುವುದಿಲ್ಲ.

ಸಾಗವಾನಿ ನಮ್ಮ ಭಾಗದಲ್ಲಿ ಸುಲಭವಾಗಿ ಸಿಗುತ್ತದೆ. ದಾಂಡೇಲಿ, ಹಳಿಯಾಳದ ಕಾಡುಗಳು ಧಾರವಾಡಕ್ಕೆ ಹತ್ತಿರ. ಮಳೆ ಬಿಸಿಲಿಗೆ ಅದರಷ್ಟು ನೆಟ್ಟಗೆ ನಿಲ್ಲುವ ಕಟ್ಟಿಗೆ ಮತ್ತೊಂದಿಲ್ಲ, ಒರಲಿ ಹತ್ತುವುದೂ ಕಡಿಮೆ. ಮನೆಯ ಬಾಗಿಲಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಬಂದೂಕಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿದೆ, ಏಕೆಂದರೆ ಸಾಗವಾನಿ ಎಳೆಯುದ್ದಕ್ಕೂ ಬೇಗ ಸೀಳುತ್ತದೆ ಮತ್ತು ಬಂದೂಕಿನ ಕುತ್ತಿಗೆಗೆ ಬೀಳುವ ಏಟು ಸೀಳುವ ಬಗೆಯದೇ. ಜೊತೆಗೆ ಅದರ ಸ್ವಂತ ಎಣ್ಣೆಯಿಂದಾಗಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಮೊದಲು ಥಿನ್ನರ್‌ನಿಂದ ಮೈಯನ್ನು ಒರೆಸಲೇಬೇಕು. ನಳಿಗೆಯ ಕೆಳಗಿನ ಮುಂದಿನ ಕಟ್ಟಿಗೆಗೆ ಸಾಗವಾನಿ ಒಳ್ಳೆಯದು, ಏಕೆಂದರೆ ಅಲ್ಲಿ ನೆಟ್ಟಗಿರುವುದೇ ಮುಖ್ಯ. ಬಟ್‌ಗೆ ನಾನು ಅದನ್ನು ಎರಡನೆಯ ಆಯ್ಕೆಯಾಗಿ ಇಡುತ್ತೇನೆ.

ಶೀಶಂ ಮತ್ತು ಬೀಟೆ ಒಂದೇ ಕುಲದ ಎರಡು ಮರಗಳು. ಎರಡೂ ಅಕ್ರೋಟಿಗಿಂತ ಭಾರ, ಎರಡೂ ಏಟು ತಾಳುತ್ತವೆ. ಬೀಟೆ ಸುಂದರ, ಆದರೆ ಕರ್ನಾಟಕದಲ್ಲಿ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ಪಾಸು ಬೇಕು. ಯಾರೋ ಪರಿಚಯದವರ ಹಿತ್ತಿಲಿನ ಬೀಟೆ ಎಂದು ಹೇಳಿ ಕೊಟ್ಟದ್ದನ್ನು ಬಿಲ್ಲಿಲ್ಲದೆ ಕೊಳ್ಳಬಾರದು. ಈಗಾಗಲೇ ಒಂದು ಪರವಾನಗಿಯ ಭಾರ ಹೊತ್ತವರಿಗೆ ಇನ್ನೊಂದು ಕೇಸು ಬೇಡ. ಉತ್ತರ ಭಾರತದಿಂದ ಬರುವ ಶೀಶಂ ಪೀಠೋಪಕರಣದ ವ್ಯಾಪಾರಿಗಳಲ್ಲಿ ಸಿಗುತ್ತದೆ. ಕೊನೆಗೆ ನಾನು ಆರಿಸಿದ್ದು ಇದನ್ನೇ. ಹಿಂಭಾಗ ತುಸು ಭಾರವಾಯಿತೆಂಬುದು ನಿಜ, ಆದರೆ ಭಾರ ಹೆಚ್ಚಿದಷ್ಟೂ ಹೆಗಲಿಗೆ ಒದೆತ ಕಡಿಮೆ. ಮಂಚಿಗೆಯ ಮೇಲೆ ಕುಳಿತು ಕಾಯುವ ರೈಫಲ್‌ಗೆ ಇದು ಲಾಭವೇ ಹೊರತು ನಷ್ಟವಲ್ಲ. ದಿನವಿಡೀ ಹೊತ್ತು ತಿರುಗುವವರಾದರೆ ಈ ಮಾತು ಬದಲಾಗುತ್ತದೆ.

ಕರೇ ನೆಲದ ಜಾಲಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಬಂಡಿಯ ಗಾಲಿ, ಕುಂಟೆ, ಕೂರಿಗೆಗಳಿಗೆ ನಮ್ಮ ಹಿರಿಯರು ಆರಿಸಿದ ಕಟ್ಟಿಗೆ ಅದು; ಗದಗ, ನರಗುಂದ, ನವಲಗುಂದದ ಹೊಲಗಳ ಬದುವಿನಲ್ಲಿಯೇ ಬೆಳೆಯುತ್ತದೆ. ಏಟು ತಾಳುವುದರಲ್ಲಿ ಅದಕ್ಕೆ ಸಮನಾದುದು ಈ ಬಯಲಿನಲ್ಲಿ ಕಡಿಮೆ. ತೊಡಕಿರುವುದು ಒಣಗಿಸುವುದರಲ್ಲಿ: ಅವಸರ ಮಾಡಿದರೆ ತುದಿಯಿಂದ ಒಡೆಯುತ್ತದೆ, ಸೊಟ್ಟಗಾಗುತ್ತದೆ. ಹುಳ ಹಿಡಿಯದಿರಲೆಂದು ಬಡಿಗೇರರು ಜಾಲಿಯ ದಿಮ್ಮಿಯನ್ನು ಕೆರೆಯ ನೀರಿನಲ್ಲಿ ನೆನೆಹಾಕಿ, ಅನಂತರ ನೆರಳಿನಲ್ಲಿ ಒಣಗಿಸುವ ಪದ್ಧತಿಯಿದೆ. ಹಾಗೆ ಹದವಾದ ಹಳೆಯ ಜಾಲಿ ಸಿಕ್ಕರೆ ಹನ್ನೆರಡು ಬೋರಿನ ಬಂದೂಕಿನ ಬಟ್‌ಗೆ ಅದರಷ್ಟು ಅಗ್ಗವೂ ಗಟ್ಟಿಯೂ ಆದದ್ದು ಬೇರೆ ಇಲ್ಲ. ಹಸಿ ಜಾಲಿಯನ್ನು ಮಾತ್ರ ಮುಟ್ಟಬೇಡಿ.

ಮಾವಿನ ಕಟ್ಟಿಗೆ ಅತ್ಯಂತ ಅಗ್ಗ, ಧಾರವಾಡದ ಸುತ್ತ ಹಳೆಯ ತೋಟಗಳಿರುವುದರಿಂದ ಯಥೇಚ್ಛವಾಗಿ ಸಿಗುತ್ತದೆ. ನುಸಿ ಬೇಗ ಹತ್ತುತ್ತದೆ, ಕುತ್ತಿಗೆಯ ತೆಳುಭಾಗದಲ್ಲಿ ಸಾಲದಾಗುತ್ತದೆ. ಏರ್ ರೈಫಲ್‌ಗೆ ಸರಿ, ಒದೆತ ಇರುವ ಬಂದೂಕಿಗೆ ಬೇಡ.

ಯಾವ ಕಟ್ಟಿಗೆಯಾದರೂ ಜಾತಿಗಿಂತ ಎಳೆಯ ದಿಕ್ಕು ಮುಖ್ಯ. ಕುತ್ತಿಗೆಯ ಭಾಗದಲ್ಲಿ ಎಳೆಗಳು ಕುತ್ತಿಗೆಯ ಉದ್ದಕ್ಕೇ ಹರಿಯಬೇಕು. ಓರೆಯಾಗಿ ಹಾದು ಹೊರಬಿದ್ದರೆ ಅಕ್ರೋಟಾದರೂ ಅಲ್ಲಿಯೇ ಮುರಿಯುತ್ತದೆ. ಕಣ್ಣಿಗೆ ಸ್ಪಷ್ಟವಾಗದಿದ್ದರೆ ಹೆರೆದ ಮೈಯ ಮೇಲೆ ಫೌಂಟನ್ ಪೆನ್ನಿನ ಒಂದು ಹನಿ ಮಸಿ ಬಿಡಿ, ಅದು ಎಳೆಯ ದಿಕ್ಕಿಗೇ ಹರಡುತ್ತದೆ. ಗಂಟು ಇದ್ದರೆ ಅದು ಹೆಗಲ ಕಡೆಯ ಅಗಲ ಭಾಗದಲ್ಲಿರಲಿ, ಕುತ್ತಿಗೆಯಲ್ಲಿ ಬೇಡ. ಅಂಚಿನ ಬಿಳಿ ಕಟ್ಟಿಗೆಯನ್ನು ಬಿಟ್ಟು ಕೆಚ್ಚಿನ ಭಾಗವನ್ನೇ ಆರಿಸಬೇಕು.

ಇನ್ನು ಒಣಗುವಿಕೆ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ನೆರಳಿನಲ್ಲಿ ಒಣಗಬೇಕೆಂಬುದು ಕಟ್ಟಿಗೆ ಕೆಲಸದವರ ಅಂದಾಜು. ಎರಡೂಕಾಲು ಇಂಚಿನ ತುಂಡಿಗೆ ಅದರಂತೆ ಎರಡು ವರ್ಷ ದಾಟುತ್ತದೆ. ಮಾರುವವರು ಒಣಗಿದೆ ಎಂದೇ ಹೇಳುತ್ತಾರೆ. ಪರೀಕ್ಷೆ ನಿಮ್ಮ ಕೈಯಲ್ಲಿದೆ. ತುಂಡನ್ನು ಮನೆಗೆ ತಂದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತೂಕವನ್ನು ಅದರ ಮೇಲೆಯೇ ಪೆನ್ಸಿಲ್ಲಿನಿಂದ ಬರೆದು, ವಾರಕ್ಕೊಮ್ಮೆ ತೂಗುತ್ತ ಬನ್ನಿ. ನಾಲ್ಕು ವಾರ ತೂಕ ಇಳಿಯದೆ ನಿಂತರೆ ಅದು ನಿಮ್ಮ ಊರಿನ ಹವೆಗೆ ಹೊಂದಿಕೊಂಡಿದೆ ಎಂದು ತಿಳಿಯಬಹುದು. ನನ್ನ ಶೀಶಂ ತುಂಡು ಮೊದಲ ತಿಂಗಳಲ್ಲಿಯೇ ಇಳಿಯುತ್ತ ಹೋಗಿ, ಸಂಕ್ರಾಂತಿ ಕಳೆದ ಮೇಲೆ ಒಂದು ಅಂಕಿಯಲ್ಲಿ ನಿಂತಿತು. ಈ ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿದರೆ ಫಲವಿಲ್ಲ. ಶ್ರಾವಣದಲ್ಲಿ ನಿಂತ ತೂಕ ಶಿವರಾತ್ರಿಯ ಹೊತ್ತಿಗೆ ಮತ್ತೆ ಇಳಿಯುತ್ತದೆ, ಆಗ ಬಿಗಿಯಾಗಿ ಕೂತಿದ್ದ ಗುಣಿ ಸಡಿಲವಾಗುತ್ತದೆ. ಧಾರವಾಡದ ಪಶ್ಚಿಮದ ಅಂಚಿನಲ್ಲಿರುವವರಿಗೂ ಗದಗಿನ ಒಣ ಬಯಲಿನವರಿಗೂ ಇದರಲ್ಲಿ ವ್ಯತ್ಯಾಸವಿರುವುದರಿಂದ, ತುಂಡನ್ನು ರೈಫಲ್ ಇರುವ ಮನೆಯಲ್ಲಿಯೇ ಒಣಗಿಸುವುದು ಉತ್ತಮ.

ಪ್ಲಾಸ್ಟಿಕ್ ಮತ್ತು ಪದರಗಟ್ಟಿಗೆ

ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಸ್ಟಾಕ್‌ಗಳು ಮಳೆಗೆ ಉಬ್ಬುವುದಿಲ್ಲ, ಒರಲಿಗೆ ಹೆದರಬೇಕಿಲ್ಲ, ಪಾಲಿಶ್ ಬೇಡುವುದಿಲ್ಲ. ಮಳೆಗಾಲದ ಕಾವಲಿಗೆ ಇವು ನಿಜಕ್ಕೂ ಅನುಕೂಲ. ಆದರೆ ಒಳಗೆ ಟೊಳ್ಳಾಗಿರುವುದರಿಂದ ಹಗುರ; ಹಗುರವಾದಷ್ಟೂ ಒದೆತ ಜೋರು. ಅಳತೆ ಹೊಂದದಿದ್ದರೆ ಕಟ್ಟಿಗೆಯಂತೆ ಕೆತ್ತಿ ಸರಿಪಡಿಸಲಾಗುವುದಿಲ್ಲ. ಬಣ್ಣಬಣ್ಣದ ತೆಳು ಹಾಳೆಗಳನ್ನು ಅಂಟಿಸಿ ಒತ್ತಿ ಮಾಡಿದ ಪದರಗಟ್ಟಿಗೆಯ ಸ್ಟಾಕ್‌ಗಳು ಗಟ್ಟಿಯೂ ಹೌದು, ಹವೆಗೆ ಬಗ್ಗುವುದೂ ಇಲ್ಲ. ಅಮೆರಿಕದಲ್ಲಿ ಇವು ಬಹಳ ಜನಪ್ರಿಯ. ಎರಡು ಬಗೆಗೂ ಇಲ್ಲಿ ಇರುವ ತೊಡಕು ಒಂದೇ: ಅವುಗಳ ಗುಣಿಯನ್ನು ರೆಮಿಂಗ್ಟನ್ 700, ಮೌಸರ್ 98ರಂಥ ವಿದೇಶಿ ರೈಫಲ್‌ಗಳ ಅಳತೆಗೆ ಕೊರೆದಿರುತ್ತಾರೆ. ನಮ್ಮ .315ಕ್ಕೆ ಅವು ಕೂರುವುದಿಲ್ಲ. ಹೊರದೇಶದಿಂದ ನೇರವಾಗಿ ತರಿಸಲು ಹೋದರೆ ಬಂದೂಕಿನ ಭಾಗವೆಂದು ಸುಂಕದ ಕಟ್ಟೆಯಲ್ಲಿ ತಡೆಯುವ ಸಂಭವವಿದೆ, ಏಕೆಂದರೆ ಶಸ್ತ್ರಗಳ ಆಮದಿಗೂ ಪರವಾನಗಿ ಬೇಕು. ಯಾರಾದರೂ ನಿಮ್ಮದೇ ಮಾದರಿಗೆ ಹೊಂದುವ ಪ್ಲಾಸ್ಟಿಕ್ ಬಟ್ ಇದೆಯೆಂದರೆ ಹಣ ಕೊಡುವ ಮೊದಲು ರೈಫಲ್ಲಿಗೆ ಹಾಕಿಸಿ ನೋಡಿ.

.315 ಇರುವವರಿಗೆ

ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ತೋಟಾ ನಾಗರಿಕರಿಗೆ ಸಿಗದಂತೆ ನಿರ್ಬಂಧವಿದ್ದುದರಿಂದ ಆಸ್ಟ್ರಿಯಾದ 8×50 ಮನ್‌ಲಿಕರ್ ತೋಟಾವನ್ನು ಬಳಸುವ .315 ರೈಫಲ್‌ಗಳು ಚಾಲ್ತಿಗೆ ಬಂದವು. ಪಶ್ಚಿಮ ಬಂಗಾಳದ ಈಶಾಪುರದಲ್ಲಿ ಸೈನ್ಯದ ಲೀ-ಎನ್‌ಫೀಲ್ಡ್ ಮಾದರಿಯನ್ನೇ ಆಧರಿಸಿ ಇವನ್ನು ಮಾಡಿದರು. 2021ರ ಅಕ್ಟೋಬರ್ 1ರಂದು ಸರ್ಕಾರದ ಆಯುಧ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ವಿಂಗಡಿಸಿದ ಮೇಲೆ ಈ ಕಾರ್ಖಾನೆ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಎಂಬ ಹೆಸರಿನಡಿ ಬಂದಿದೆ. ಬಿಲ್ಲಿನಲ್ಲಿ ಆ ಹೆಸರು ಕಂಡರೆ ಗೊಂದಲಪಡಬೇಕಿಲ್ಲ.

ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಸ್ಟಾಕ್ ಎರಡು ತುಂಡು. ಬಟ್ ಕಬ್ಬಿಣದ ಕೊಳವಿಯೊಳಗೆ ಕೂತು, ಹಿಂದಿನಿಂದ ಹಾಯಿಸಿದ ಉದ್ದನೆಯ ಬೋಲ್ಟಿನಿಂದ ಬಿಗಿಯಾಗಿರುತ್ತದೆ. ಕಡಿಮೆ ಖರ್ಚು ಬಯಸುವವರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಒಡೆದ ತುಂಡನ್ನಷ್ಟೇ ಬದಲಾಯಿಸಿದರೆ ಸಾಕು. ಆದರೆ ಬಟ್ ಬಿಚ್ಚುವ ಮುಂಚೆ ಮುಂದಿನ ಕಟ್ಟಿಗೆಯನ್ನು ತೆಗೆದಿಡಲೇಬೇಕು. ಹಳೆಯ ಲೀ-ಎನ್‌ಫೀಲ್ಡ್‌ಗಳಲ್ಲಿ ಆ ಬೋಲ್ಟಿನ ಚೌಕಾಕಾರದ ತುದಿ ಮುಂದಿನ ಕಟ್ಟಿಗೆಯ ಹಿಂಬದಿಯ ಪಟ್ಟಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಗೆಯೇ ತಿರುಗಿಸಿದರೆ ಒಳ್ಳೆಯದಿದ್ದ ಮುಂದಿನ ಕಟ್ಟಿಗೆಯೂ ಸೀಳುತ್ತದೆ. ಅಂಗಡಿಯವರಿಗೆ ಇದು ಗೊತ್ತಿದೆಯೇ ಎಂದು ಮೆಲ್ಲಗೆ ಕೇಳುವುದರಲ್ಲಿ ತಪ್ಪಿಲ್ಲ. ಹಳೆಯ ಬಟ್‌ಗಳು ಸಿಕ್ಕಿದರೆ ಉದ್ದವನ್ನೂ ನೋಡಿಕೊಳ್ಳಿ: ಸೈನಿಕ ರೈಫಲ್‌ಗಳಿಗೆ ಉದ್ದ, ಸಾಧಾರಣ, ಗಿಡ್ಡ ಎಂಬ ಅಳತೆಗಳು ಅರ್ಧ ಇಂಚಿನ ಅಂತರದಲ್ಲಿ ಇದ್ದವು.

ಅಳತೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಟ್ರಿಗರ್‌ನಿಂದ ಬಟ್‌ನ ಹಿಂಬದಿಯ ತನಕ ಸಾಮಾನ್ಯವಾಗಿ ಹದಿಮೂರೂವರೆಯಿಂದ ಹದಿನಾಲ್ಕೂವರೆ ಇಂಚು ಇರುತ್ತದೆ. ಗುಂಡುಗಳನ್ನು ತೆಗೆದು ಖಾತ್ರಿ ಮಾಡಿಕೊಂಡ ರೈಫಲ್ಲಿನ ಬಟ್ಟನ್ನು ಮೊಣಕೈಯ ಒಳಮಡಿಕೆಗೆ ಆನಿಸಿದಾಗ ತೋರುಬೆರಳಿನ ಮೊದಲ ಗಿಣ್ಣು ಟ್ರಿಗರ್‌ಗೆ ಆರಾಮವಾಗಿ ತಲುಪಿದರೆ ಉದ್ದ ಸರಿಯಿದೆ. ನಮ್ಮ ಭಾಗದಲ್ಲಿ ಕಾವಲು ಕಾಯುವುದು ಹೆಚ್ಚಾಗಿ ಕಾರ್ತಿಕ ಮಾರ್ಗಶಿರದ ಚಳಿಯಲ್ಲಿ, ಹೆಗಲ ಮೇಲೆ ಕಂಬಳಿ ಹೊದ್ದು. ಕಂಬಳಿಯ ದಪ್ಪವನ್ನು ಲೆಕ್ಕಕ್ಕೆ ಹಿಡಿದು ಕಾಲು ಇಂಚು ಕಡಿಮೆ ಇಡಿಸುವುದು ಒಳ್ಳೆಯದು. ಮೊದಲು ಉದ್ದವಾಗಿಯೇ ಮಾಡಿಸಿ, ಹಾಕಿ ನೋಡಿ, ಆಮೇಲೆ ಕತ್ತರಿಸಿ. ಒಬ್ಬರಿಗಿಂತ ಹೆಚ್ಚು ಜನರ ಹೆಸರು ಪರವಾನಗಿಯಲ್ಲಿದ್ದರೆ ಗಿಡ್ಡ ಇರುವವರ ಅಳತೆಗೆ ಮಾಡಿಸಿ, ಎತ್ತರದವರಿಗೆ ಹಿಂಬದಿಗೆ ರಬ್ಬರಿನ ಪ್ಯಾಡ್ ಸೇರಿಸಬಹುದು.

ಎಣ್ಣೆ ಮತ್ತು ಇಡುವ ಬಗೆ

ಹೊಸ ಕಟ್ಟಿಗೆಗೆ ಹೊಳೆಯುವ ವಾರ್ನಿಶ್‌ಗಿಂತ ಅಗಸಿ ಎಣ್ಣೆಯೇ ನನ್ನ ಆಯ್ಕೆ. ವಾರ್ನಿಶ್ ಒಮ್ಮೆ ಗೀರು ಬಿದ್ದರೆ ಅಲ್ಲಿಂದ ನೀರು ಒಳಹೋಗಿ ಪದರ ಏಳುತ್ತದೆ. ಎಣ್ಣೆಯ ಮೈಗೆ ಗೀರು ಬಿದ್ದಲ್ಲಿ ಮತ್ತೊಂದು ಕೈ ಎಣ್ಣೆ ಹಚ್ಚಿದರೆ ಮುಗಿಯಿತು. ಅಡುಗೆಯ ಅಗಸಿ ಎಣ್ಣೆ ಒಣಗಲು ಬಹಳ ದಿನ ತೆಗೆದುಕೊಳ್ಳುತ್ತದೆ. ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸಿ ಎಣ್ಣೆ ಬೇಗ ಒಣಗುತ್ತದೆ, ಆದರೆ ಅದು ತಿನ್ನುವ ವಸ್ತುವಲ್ಲ, ಅಡುಗೆಮನೆಯಿಂದ ದೂರವಿರಲಿ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆಗಳನ್ನು ಹಚ್ಚಲೇಬಾರದು. ಅವು ಎಂದಿಗೂ ಒಣಗದೆ ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತವೆ. ಅಂಗೈಯಿಂದ ಬಿಸಿಯೇರುವಂತೆ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಮುಂದಿನ ಕೈ ಹಚ್ಚಬೇಕು. ಗುಣಿಯ ಒಳಮೈಗೂ ಬಟ್‌ನ ಹಿಂಬದಿಯ ಕೊಯ್ದ ಮೈಗೂ ಹಚ್ಚುವುದನ್ನು ಮರೆಯಬಾರದು, ತೇವ ಒಳಹೋಗುವುದು ಹೆಚ್ಚಾಗಿ ಅಲ್ಲಿಂದಲೇ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ: ಅಗಸಿ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯಾದ ಅರಿವೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಅದನ್ನು ಹರಡಿ ಒಣಗಿಸಿ ಅಥವಾ ನೀರಿನಲ್ಲಿ ನೆನೆಸಿ ಬಿಸಾಡಿ.

ಕಬ್ಬಿಣಕ್ಕೆ ಎಣ್ಣೆ ಹಾಕಿದ ದಿನ ರೈಫಲ್ಲನ್ನು ಅಡ್ಡಲಾಗಿ ಇಲ್ಲವೆ ನಳಿಗೆ ಕೆಳಗಾಗಿ, ದಪ್ಪ ಬಟ್ಟೆಯ ಮೇಲೆ ಇಡಿ. ನಮ್ಮ ಮನೆಯಲ್ಲಿ ಈಗ ಹಾಗೆಯೇ ಇಡುತ್ತೇವೆ, ಬೀಗ ಹಾಕಿದ ಕಪಾಟಿನಲ್ಲಿ, ನಳಿಗೆಯ ತುದಿಗೆ ಹಳೆಯ ಕಂಬಳಿಯ ತುಂಡು ಹಾಸಿ. ಮಳೆಗಾಲ ಮುಗಿದು ದೀಪಾವಳಿಯ ಹೊತ್ತಿಗೆ ಒಮ್ಮೆ, ಬೇಸಿಗೆ ಏರುವ ಮುಂಚೆ ಇನ್ನೊಮ್ಮೆ ಬಟ್ಟನ್ನು ಕೈಯಿಂದ ತಿರುಚಿ ಅಲುಗಾಡುತ್ತದೆಯೇ ಎಂದು ನೋಡುತ್ತೇನೆ. ಕೂದಲೆಳೆಯಷ್ಟು ಅಲುಗಿದರೂ ಗುಂಡು ಹಾರಿಸುವ ಮುನ್ನ ಅದೇ ಕುಶಲಿಗರ ಬಳಿಗೆ ಒಯ್ದು ಬೋಲ್ಟ್ ಬಿಗಿ ಮಾಡಿಸುತ್ತೇನೆ.